ಮಸುಕಾದ ಕಣ್ಣೂ ಲಿಂಗಾನುಸಂಧಾನವೂ

ಗ್ಲಾಕೋಮಾದ ಶಸ್ತ್ರಚಿಕಿತ್ಸೆಯು ಕಣ್ಣಿನೊಳಗಣ ದ್ರವಕ್ಕೆ ನೂತನ ನಿರ್ಗಮಮಾರ್ಗವನ್ನು ಕಲ್ಪಿಸಿ ಒತ್ತಡವನ್ನು ತಗ್ಗಿಸುವುದೇ ಹೊರತು ನಶಿಸಿದ ದೃಷ್ಟಿನರವನ್ನು ಪುನರುಜ್ಜೀವಿಸಲಾರದಾದುದರಿಂದ, ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಶರಣವೃದ್ಧರು ತರುವಾಯವೂ ಉಳಿದ ಮಸುಕು, ಉರಿ, ನೀರೊಸರುವಿಕೆಗಳೊಡನೆ ಅಂಗೈಯ ಇಷ್ಟಲಿಂಗವನ್ನು ನಿಟ್ಟಿಸುವಾಗ, ಬಿಂಬವೇ ಕದಡಿದ ಮೇಲೆ ಅನುಸಂಧಾನವೆಂತು ಸಿದ್ಧಿಸೀತೆಂದು ಶಂಕಿಸುವುದು ಸಹಜ.

ಈ ಶಂಕೆಗೆ ಆ ಸೀಮೆಯೇ ಉತ್ತರವಿತ್ತಿದೆ. 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಜನಿಸಿದ ಪಂಚಾಕ್ಷರಿ ಗವಾಯಿಗಳು, ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತವಿದ್ಯೆಯನ್ನು ಸಾಧಿಸಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧಬಾಲಕರಿಗೆ ಅದನ್ನೇ ಧಾರೆಯೆರೆದರು. ಅಂತಹ ಜೀವನವನ್ನು ಕಂಡ ನಾಡಿನಲ್ಲಿ ದೃಷ್ಟಿಹಾನಿಯನ್ನು ಪೂರ್ವಕರ್ಮದ ದಂಡವೆನ್ನುವುದು ನಿರ್ದಯೆಯೆಂದೇ ನನ್ನ ಮತ. ಲಿಂಗವನ್ನು ಹಿಡಿದ ಕರಸ್ಥಲದ ಸ್ಪರ್ಶವೂ ಅರಿವಿನ ದ್ವಾರವೇ ಆಗಿದೆ.

ಆದರೆ ಶ್ರದ್ಧೆಯು ಔಷಧದ ಸ್ಥಾನವನ್ನು ಆಕ್ರಮಿಸಬಾರದು. ಪಾದೋದಕವನ್ನು ಕಣ್ಣಿಗೆ ಒತ್ತಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿ ಪ್ರಿಯವಾದುದು. ಶಸ್ತ್ರಕ್ರಿಯೆಯಾದ ಕಣ್ಣಿಗೆ ಅದು ಸಲ್ಲದು, ವಿಭೂತಿಯ ಧೂಳಿಯೂ ಸಲ್ಲದು. ಹೊಸ ಮಾರ್ಗವನ್ನು ಮುಚ್ಚಿರುವ ಪೊರೆ ಬಹಳ ತೆಳುವಾದುದರಿಂದ, ವರ್ಷಗಳು ಕಳೆದ ಮೇಲೂ ಸೋಂಕು ಒಳಹೊಕ್ಕೀತು. ಹಠಾತ್ತನೆ ಕೆಂಪು, ನೋವು, ಕೀವು, ಮಂಜು ಕಂಡರೆ ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿಯಾದರೂ ಆ ದಿನವೇ ನೇತ್ರವೈದ್ಯರನ್ನು ಕಾಣತಕ್ಕದ್ದು. ಮೊದಲ ವಾರಗಳಲ್ಲಿ ಸಾಷ್ಟಾಂಗ ಪ್ರಣಾಮವನ್ನು ಬಿಟ್ಟು ಕುಳಿತೇ ಕೈಮುಗಿದರೆ ಭಕ್ತಿಗೆ ಊನವಿಲ್ಲ. ವೈದ್ಯರು ವಿಧಿಸಿದ ಹನಿಗಳನ್ನು ಮಾತ್ರ, ಲಿಂಗಾರ್ಚನೆಯಂತೆಯೇ, ನಿಯತಕಾಲಕ್ಕೆ ತಪ್ಪದೆ ಹಾಕಿಕೊಳ್ಳಬೇಕು.