ಎರವಲು ಮಾತು, ಸ್ವಂತ ದನಿ

ಉಡುಪಿ ಸೀಮೆಯ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಯುವ ಮಕ್ಕಳಿಗೆ ಮೊದಲು ಸಿಗುವುದು ತಾಳ ಮತ್ತು ಹೆಜ್ಜೆ. ಮಾತಿನ ಸರದಿ ಬರುವುದು ಆಮೇಲೆ. ಭಾಗವತರು ಪದ್ಯ ಹಾಡುತ್ತಾರೆ. ಆ ಪದ್ಯದ ಎಳೆ ಹಿಡಿದು ವೇಷಧಾರಿ ಅರ್ಥ ಹೇಳಬೇಕು. ಪದ್ಯ ಪ್ರಸಂಗಕರ್ತನದು, ಅರ್ಥ ವೇಷಧಾರಿಯದು. ನುರಿತ ಕಲಾವಿದರು ಅದನ್ನು ರಂಗಸ್ಥಳದಲ್ಲೇ ಕಟ್ಟುತ್ತಾರೆ. ಮಕ್ಕಳಿಗೆ ಗುರುಗಳು ಬರೆದುಕೊಟ್ಟದ್ದೇ ಆಧಾರ, ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಎದುರಿನ ವೇಷ ಒಂದು ಸಾಲು ಮರೆತು ತಬ್ಬಿಬ್ಬಾದಾಗ, ಚೆಂಡೆ ಇನ್ನೂ ಬೀಳದೆ ಇಡೀ ಸಭೆ ತನ್ನನ್ನೇ ನೋಡುತ್ತಿರುವಾಗ, ಅಭಿಮನ್ಯುವಿನ ಕಿರೀಟ ಕಟ್ಟಿಕೊಂಡ ಹುಡುಗಿ ಬರೆದುಕೊಟ್ಟದ್ದರಲ್ಲಿ ಇಲ್ಲದ ಒಂದು ಮಾತನ್ನು ಆಡಿಬಿಡುತ್ತಾಳೆ. ಆ ಮಾತನ್ನು ಅವಳಿಗೆ ಯಾರೂ ಕಲಿಸಿರುವುದಿಲ್ಲ. ಅವಳಾದರೂ ಅದನ್ನು ಆಡಿದ್ದು ಅಭಿಮನ್ಯುವಾಗಿ.

ಕಲೆಯಿಂದ ಎಳೆಯರಿಗೆ ತಮ್ಮ ದನಿ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸಿಗುವುದು ಹೇಗೆ ಎಂಬ ವಿವರಣೆ ಮಾತ್ರ ಬಹಳ ಸಲ ಹಾದಿ ತಪ್ಪಿರುತ್ತದೆ. ಪ್ರತಿಯೊಬ್ಬರ ಒಳಗೂ ಒಂದು ದನಿ ಆಗಲೇ ಸಿದ್ಧವಾಗಿದೆ, ಸಂಕೋಚವೋ ಶಿಸ್ತೋ ಅದನ್ನು ಅದುಮಿಟ್ಟಿದೆ, ಮುಚ್ಚಳ ತೆಗೆದರೆ ಹೊರಬರುತ್ತದೆ ಎಂಬುದು ಆ ವಿವರಣೆ. ಹದಿನೈದು ವರ್ಷದವರ ಒಳಗೆ ನಿಜಕ್ಕೂ ತುಂಬಿರುವುದು ಬೇರೆಯವರ ಮಾತು: ಅಪ್ಪ ಅಮ್ಮನದು, ಮೇಷ್ಟ್ರದು, ಸಿನಿಮಾದ್ದು, ಮೊಬೈಲಿನದು. ‘ನಿನಗನ್ನಿಸಿದ್ದು ಹೇಳು’ ಎಂದರೆ ಅವರು ತಲೆ ತಗ್ಗಿಸುವುದಕ್ಕೆ ಕಾರಣ ಭಯವೊಂದೇ ಅಲ್ಲ. ಅನ್ನಿಸಿದ್ದಕ್ಕೆ ಇನ್ನೂ ಆಕಾರ ಬಂದಿರುವುದಿಲ್ಲ. ದನಿಯೆಂಬುದು ರೂಢಿಯಿಂದ ಆಗುವಂಥದ್ದು. ಇನ್ನೊಬ್ಬರ ಮಾತನ್ನು ತನ್ನ ಉಸಿರಿನಲ್ಲಿ ಹೊತ್ತು, ಅದಕ್ಕಾಗಿ ಕಾದಿರುವವರ ಎದುರು ಮತ್ತೆ ಮತ್ತೆ ಆಡಿದಾಗ ಅದು ಮೂಡುತ್ತದೆ. ಕಲೆಯ ತಾಲೀಮಿನಲ್ಲಿ ಈ ಹೊರುವಿಕೆಯೂ ಇದೆ, ಕಾಯುವವರೂ ಇದ್ದಾರೆ.

ಇದಕ್ಕೆ ಉತ್ತರ ಕನ್ನಡದ ಮಂಚಿಕೇರಿಗಿಂತ ಗಟ್ಟಿಯಾದ ಉದಾಹರಣೆ ಸಿಗುವುದು ಕಷ್ಟ. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡದ ಕಾಡಂಚಿನಲ್ಲಿ ಬದುಕುವ ಸಿದ್ದಿಯರು, ಗುಲಾಮರಾಗಿ ಪೋರ್ಚುಗೀಸರ ಮತ್ತು ಅರಬ್ ವ್ಯಾಪಾರಿಗಳ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದ ಆಫ್ರಿಕನ್ನರ ಸಂತತಿಯವರು. ಶತಮಾನಗಳಿಂದ ಇಲ್ಲಿಯವರೇ ಆಗಿದ್ದರೂ ‘ನೀವು ಯಾವ ದೇಶದವರು’ ಎಂಬ ಪ್ರಶ್ನೆ ಅವರ ಬೆನ್ನು ಬಿಟ್ಟಿಲ್ಲ. ಅಡಿಕೆ ತೋಟದ ಕೂಲಿ, ಕಾಡಿನ ಕೆಲಸ, ಶಾಲೆಯ ಹಿಂದಿನ ಬೆಂಚು ಅವರ ಪಾಲಿಗೆ ಬಂದದ್ದು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರಿಗೆ ಜಾಗ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಬಹಳ ಮೊದಲು, 1980ರ ದಶಕದಲ್ಲಿ, ಹೆಗ್ಗೋಡಿನ ನೀನಾಸಂ ಊರೂರಿಗೆ ರಂಗಶಿಬಿರ ಒಯ್ಯುತ್ತಿದ್ದ ಕಾಲದಲ್ಲಿ, ನಿರ್ದೇಶಕ ಚಿದಂಬರರಾವ್ ಜಂಬೆ ಮಂಚಿಕೇರಿಯಲ್ಲಿ ಸಿದ್ದಿ ಯುವಕ ಯುವತಿಯರನ್ನು ಕಟ್ಟಿಕೊಂಡು ನಾಟಕವೊಂದನ್ನು ಆಡಿಸಿದರು. ಅದಕ್ಕೆ ಆಧಾರ ನೈಜೀರಿಯಾದ ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ.

ಆಫ್ರಿಕನ್ ಮೂಲದವರಿಗೆ ಆಫ್ರಿಕದ್ದೇ ಕಥೆ ಎಂದು ಮೇಲುನೋಟಕ್ಕೆ ತೋರುತ್ತದೆ. ಕೊಂಚ ನಿಂತು ನೋಡಿದರೆ ಸಂಗತಿ ಹಾಗಿಲ್ಲ. ಸಿದ್ದಿಯರ ಪೂರ್ವಿಕರು ಬಹುಮಟ್ಟಿಗೆ ಪೂರ್ವ ಮತ್ತು ಆಗ್ನೇಯ ಆಫ್ರಿಕದವರು. ಅಚಿಬೆಯ ಇಗ್ಬೊ ಜನ ಖಂಡದ ಇನ್ನೊಂದು ತುದಿಯವರು. ಕಾದಂಬರಿಯ ನಾಯಕ ಒಕೊಂಕೊನ ಗೆಣಸು ಬೆಳೆಯುವ ಊರು, ಅದರ ದೈವಗಳು, ಅಲ್ಲಿಗೆ ಬಿಳಿಯ ಪಾದ್ರಿಗಳು ಬಂದು ಆದ ಒಡಕು, ಇದ್ಯಾವುದೂ ಮಂಚಿಕೇರಿಯ ನೆನಪಿನಲ್ಲಿ ಇದ್ದದ್ದಲ್ಲ. ಭಾಷೆಯೂ ಅಷ್ಟೆ. ಮನೆಯಲ್ಲಿ ಕನ್ನಡ, ಮರಾಠಿ ಬೆರೆತ ಕೊಂಕಣಿಯಾಡುವವರು ರಂಗದ ಮೇಲೆ ಆಡಿದ್ದು ಕನ್ನಡ. ಇಂಗ್ಲಿಷಿನಲ್ಲಿ ಬರೆದ ಇಗ್ಬೊ ಕಥೆ, ಕನ್ನಡದ ಮಾತು: ಸಿದ್ದಿಯರ ಮೈ ಮತ್ತು ಕಂಠದ ಹೊರತು ಎಲ್ಲವೂ ಎರವಲು. ಆ ಎರವಲಿನ ಒಳಗಿನಿಂದಲೇ ತಮ್ಮ ಪಾಡನ್ನು ತಾವು ಊರೆದುರು ನಿಂತು ಹೇಳುವ ದಾರಿಯೊಂದು ಅವರಿಗೆ ತೆರೆಯಿತು. ‘ನಿಮ್ಮ ಕಷ್ಟ ಹೇಳಿ’ ಎಂದು ಯಾರಾದರೂ ಮೈಕು ಹಿಡಿದಿದ್ದರೆ ಬಹುಶಃ ಅರ್ಜಿಯ ಮಾತು ಬರುತ್ತಿತ್ತು. ನಾಟಕ ಅವರಿಂದ ಅರ್ಜಿ ಕೇಳಲಿಲ್ಲ, ಒಂದು ಸಮುದಾಯದ ದುರಂತವನ್ನು ನಡೆಸಿಕೊಡಿ ಎಂದು ಕೇಳಿತು. ಮುಂದೆ ಸಿದ್ದಿ ಯುವಜನರು ಹೆಗ್ಗೋಡಿನ ರಂಗಶಿಕ್ಷಣ ಕೇಂದ್ರಕ್ಕೇ ಬಂದು ಕಲಿತರು. ಗಿರಿಜಾ ಸಿದ್ದಿ ರಂಗಭೂಮಿಯಲ್ಲಿ, ಪ್ರಶಾಂತ್ ಸಿದ್ದಿ ಸಿನಿಮಾದಲ್ಲಿ ಕನ್ನಡಿಗರಿಗೆ ಪರಿಚಿತರಾದ ಹೆಸರುಗಳು.

ಎರವಲು ಮಾತು ಸ್ವಂತದ್ದಾಗುವ ಈ ರೀತಿಯನ್ನು ಭಾರತೀಯ ಕಾವ್ಯಮೀಮಾಂಸೆ ಸಾವಿರ ವರ್ಷದ ಹಿಂದೆಯೇ ಕಂಡಿತ್ತು. ಭಟ್ಟನಾಯಕ ಹೇಳಿದ, ಅಭಿನವಗುಪ್ತ ಬೆಳೆಸಿದ ಸಾಧಾರಣೀಕರಣದ ವಿಚಾರ ಅದು. ರಂಗದ ಮೇಲಿನ ದುಃಖ ನಟನ ಖಾಸಗಿ ದುಃಖವಲ್ಲ, ಪ್ರೇಕ್ಷಕನದೂ ಅಲ್ಲ. ಯಾರೊಬ್ಬರ ಹೆಸರಿಗೂ ಅಂಟದೆ ಎಲ್ಲರಿಗೂ ಎಟಕುವ ಭಾವವಾಗಿ ಅದು ಅಲ್ಲಿರುತ್ತದೆ. ಮೀಮಾಂಸಕರು ಯೋಚಿಸಿದ್ದು ಸಹೃದಯನ ರಸಾನುಭವದ ಬಗ್ಗೆ. ಅದೇ ವಿಚಾರವನ್ನು ಹದಿಹರೆಯದವರ ಕಡೆಗೆ ತಿರುಗಿಸಿದರೆ ಬೇರೊಂದು ಬೆಳಕು ಬೀಳುತ್ತದೆ. ಆ ವಯಸ್ಸಿನ ನಾಚಿಕೆ, ಅವಮಾನ, ಸಿಟ್ಟುಗಳ ದೊಡ್ಡ ಸಂಕಟವೆಂದರೆ ಇದು ತನಗೊಬ್ಬನಿಗೇ ಆಗಿದೆ ಎಂಬ ಭಾವನೆ. ಸೂತಪುತ್ರನೆಂದು ಹಂಗಿಸಿಕೊಂಡ ಕರ್ಣನ ಪಾತ್ರವನ್ನು ಒಬ್ಬ ಹುಡುಗ ಒಂದು ತಿಂಗಳು ಹೊತ್ತು ತಿರುಗಿದರೆ, ಅವನ ಅವಮಾನಕ್ಕೆ ಒಂದು ಹೆಸರು, ಒಂದು ಎತ್ತರ, ಕೇಳುವ ಮಂದಿ ಎಲ್ಲವೂ ಸಿಗುತ್ತವೆ. ತನ್ನ ಕಥೆಯನ್ನು ಬಿಚ್ಚಿಡದೆಯೇ ಅವನು ಅದನ್ನು ಹೇಳಿರುತ್ತಾನೆ. ಈ ಮರೆ ಎಳೆಯರಿಗೆ ಬೇಕು. ‘ನಿನ್ನ ನೋವನ್ನು ಹಂಚಿಕೋ’ ಎಂದು ಪೀಡಿಸುವ ಶಿಬಿರಗಳಿಗಿಂತ ಪಾತ್ರ ಕೊಟ್ಟು ಸುಮ್ಮನಿರುವ ಮೇಷ್ಟ್ರು ಹೆಚ್ಚು ಕರುಣೆಯವರು.

ಇದೆಲ್ಲ ಭಾವುಕ ಮಾತು, ಪುರಾವೆ ಏನು ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಅಮೆರಿಕದ ಮಾನವಶಾಸ್ತ್ರಜ್ಞೆ ಶರ್ಲಿ ಬ್ರೈಸ್ ಹೀತ್ ಬಡ ಬಡಾವಣೆಗಳ ಯುವಕ ಸಂಘಟನೆಗಳನ್ನು ಸುಮಾರು ಹತ್ತು ವರ್ಷ ಅಧ್ಯಯನ ಮಾಡಿದರು. ಕ್ರೀಡೆ, ಸಮಾಜಸೇವೆ, ಕಲೆ ಮೂರೂ ಬಗೆಯ ತಂಡಗಳು ಅದರಲ್ಲಿದ್ದವು. ಕಲೆಯನ್ನೇ ಹುಡುಕಿಕೊಂಡು ಹೊರಟ ಅಧ್ಯಯನವಲ್ಲ ಅದು. ಕಲಾತಂಡಗಳ ಮಕ್ಕಳು ತಾವಾಗಿಯೇ ಎದ್ದು ಕಂಡರು. ಅವರ ಮಾತಿನಲ್ಲಿ ಕೆಲವೇ ವಾರಗಳಲ್ಲಿ ಆದ ಬದಲಾವಣೆ ಗಮನಿಸುವಂಥದ್ದು. ‘ಹೀಗೆ ಮಾಡಿದರೆ ಏನಾಗುತ್ತದೆ’, ‘ಹೀಗಾದರೆ ಹಾಗಾಗಬಹುದು’ ಎಂಬಂಥ ಊಹೆಯ ವಾಕ್ಯಗಳು ಹಲವು ಪಟ್ಟು ಹೆಚ್ಚಿದ್ದವು. ತಾಲೀಮಿನ ಕೋಣೆಯಲ್ಲಿ ಕೂತವರಿಗೆ ಇದರ ಗುಟ್ಟು ಗೊತ್ತಿದೆ. ‘ಇವಳು ಆ ಕಡೆಯಿಂದ ಬಂದರೆ?’ ‘ದೀಪ ಮೊದಲೇ ಆರಿದರೆ?’ ‘ಅವನು ಈ ಮಾತನ್ನು ನಗುತ್ತಾ ಹೇಳಿದರೆ?’ ನಾಟಕ ಕಟ್ಟುವಾಗ ಸಂಜೆಯಿಡೀ ನಡೆಯುವುದು ಇಂಥ ಮಾತೇ. ಇರುವುದರ ಜಾಗದಲ್ಲಿ ಇನ್ನೊಂದನ್ನು ಊಹಿಸಿ, ಅದನ್ನು ಬಾಯಿಬಿಟ್ಟು ಹೇಳಿ, ಗೆಳೆಯರು ತಳ್ಳಿಹಾಕಿದರೆ ಮತ್ತೊಂದನ್ನು ಮುಂದಿಡುವುದು.

ಇನ್ನೊಂದು ಪುರಾವೆ ಕಲೆಯ ಪರವಾದಿಗಳಿಗೆ ಅಷ್ಟು ಹಿತವಾಗಿಲ್ಲ. ಸಂಶೋಧಕಿಯರಾದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲ್ಯಾಂಡ್ ಹಿಂದಿನ ದಶಕಗಳ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ಜರಡಿ ಹಿಡಿದು, ಕಲೆ ಕಲಿತದ್ದರಿಂದಲೇ ಶಾಲೆಯ ಅಂಕ ಏರುತ್ತದೆ ಎನ್ನಲು ಆಧಾರ ಸಾಲದು ಎಂದು 2000ದಲ್ಲಿ ವರದಿ ಮಾಡಿದರು. ಗಟ್ಟಿಯಾಗಿ ಉಳಿದ ಕೆಲವೇ ಸಂಬಂಧಗಳಲ್ಲಿ ಒಂದು, ತರಗತಿಯ ನಾಟಕಕ್ಕೂ ಮಕ್ಕಳ ಭಾಷಾ ಸಾಮರ್ಥ್ಯಕ್ಕೂ ಇರುವುದು. ‘ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತದೆ’ ಎಂದು ಪೋಷಕರನ್ನು ಒಲಿಸುವುದನ್ನು ಬಿಡುವುದೇ ಮರ್ಯಾದೆ. ಕಲೆ ಕೊಡುವುದನ್ನು ಅಂಕದ ಭಾಷೆಗೆ ಇಳಿಸಿದ ದಿನ, ಅಂಕ ಬರದಿದ್ದರೆ ಕಲೆಯನ್ನು ಕೈಬಿಡುವ ದಾರಿಯನ್ನೂ ತೋರಿಸಿದಂತಾಗುತ್ತದೆ.

ದನಿಯ ಜೊತೆಗೆ ಕಲೆ ಎಳೆಯರಿಗೆ ಕೊಡುವ ಇನ್ನೊಂದು, ಒಂದು ಬಳಗಕ್ಕೆ ಸೇರಿದವರೆಂಬ ಭಾವ. ದನಿ ಮೊದಲೋ ಈ ಸೇರಿಕೆ ಮೊದಲೋ? 1970ರ ದಶಕದ ಕರ್ನಾಟಕ ಇದಕ್ಕೆ ಒಂದು ಉತ್ತರ ಕೊಟ್ಟಿದೆ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಮಾತು ಎಬ್ಬಿಸಿದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳು ಹಾಸ್ಟೆಲು, ಕಾಲೇಜುಗಳಲ್ಲಿ ಏಟು ತಿಂದರು. ಆ ಬಿಸಿಯಲ್ಲೇ ದಲಿತ ಸಂಘಟನೆ ಗಟ್ಟಿಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಕವಿಗೆ ಇಪ್ಪತ್ತೊಂದರ ಆಸುಪಾಸು. ಪುಸ್ತಕಕ್ಕಿಂತ ದೂರ ಹೋದದ್ದು ಹಾಡು. ಜಾಥಾದಲ್ಲಿ ತಮಟೆಯ ಜೊತೆ, ಹಳ್ಳಿಯ ಸಭೆಗಳಲ್ಲಿ, ಹಾಸ್ಟೆಲಿನ ಕೋಣೆಗಳಲ್ಲಿ ಅದು ಬಾಯಿಂದ ಬಾಯಿಗೆ ಹರಿಯಿತು. ಭಾಷಣ ಮಾಡಲು ಬಾರದ ಹುಡುಗನೂ ಪಲ್ಲವಿ ಎತ್ತಿಕೊಳ್ಳಬಲ್ಲ. ಇನ್ನೂರು ಗಂಟಲುಗಳ ನಡುವೆ ತನ್ನದನ್ನು ಕೂಡಿಸುವಾಗ ತಪ್ಪಿದರೆ ಯಾರಿಗೂ ಕೇಳಿಸದು, ನಿಲ್ಲಿಸಿದರೆ ಪಕ್ಕದವನಿಗೆ ಗೊತ್ತಾಗುತ್ತದೆ. ಒಂಟಿ ದನಿಗೆ ಬೇಕಾದ ಧೈರ್ಯ ಹುಟ್ಟುವುದು ಇಂಥ ಮೇಳದಲ್ಲಿ. ಮೊದಲು ಜೊತೆ ಸಿಕ್ಕಿತು. ಆಮೇಲೆ ಒಬ್ಬೊಬ್ಬರೇ ಮಾತಾಡಿದರು, ಬರೆದರು.

ಇಲ್ಲಿ ಒಂದು ಕಠಿಣ ಆಕ್ಷೇಪ ಎದುರಾಗುತ್ತದೆ. ಒಟ್ಟಾಗಿ ಹಾಡುವುದು, ಒಟ್ಟಾಗಿ ಹೆಜ್ಜೆ ಹಾಕುವುದು ದ್ವೇಷದ ಗುಂಪುಗಳಿಗೂ ಪ್ರಿಯವೇ. ಡಿಜೆಯ ಅಬ್ಬರಕ್ಕೆ ಕುಣಿಯುತ್ತಾ ಇನ್ನೊಬ್ಬರ ಪ್ರಾರ್ಥನಾ ಮಂದಿರದೆದುರು ನಿಂತು ಕೂಗುವ ಹುಡುಗನಿಗೂ ಆ ಹೊತ್ತಿನಲ್ಲಿ ದನಿಯೂ ಸಿಕ್ಕಿದೆ, ಬಳಗವೂ ಸಿಕ್ಕಿದೆ. ಸೇರಿಕೆಯನ್ನು ಕೊಡುವುದೇ ಕಲೆಯ ಹೆಚ್ಚುಗಾರಿಕೆ ಎಂದು ವಾದಿಸುವವರು ಇದನ್ನು ಬದಿಗೆ ಸರಿಸಿ ಮುಂದೆ ಹೋಗುವಂತಿಲ್ಲ.

ವ್ಯತ್ಯಾಸ ಇರುವುದು ಎದುರಾಳಿಯನ್ನು ಏನು ಮಾಡುತ್ತೇವೆ ಎಂಬಲ್ಲಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಿಮ್ಮೇಳ ಮತ್ತು ಮಾತು ಎರಡೇ. ‘ವಾಲಿವಧೆ’ ಪ್ರಸಂಗದಲ್ಲಿ ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನೇ ಕೇಳುತ್ತಾನೆ. ಸಭೆಯಲ್ಲಿ ಕೂತವರೆಲ್ಲ ರಾಮನ ಭಕ್ತರೇ ಆಗಿರಲಿ, ವಾಲಿಯ ಅರ್ಥ ಹೇಳುವವರು ಸಡಿಲ ಬಿಟ್ಟರೆ ಅವರು ಮೆಚ್ಚುವುದಿಲ್ಲ. ಇಂದು ರಾಮನ ಪರ ವಾದಿಸಿದವರು ನಾಳೆಯ ಕೂಟದಲ್ಲಿ ವಾಲಿಯಾಗಬೇಕು, ಅಷ್ಟೇ ಶಕ್ತಿಯಿಂದ. ಎದುರಿನವರ ಮಾತನ್ನು ಕೊನೆಯವರೆಗೆ ಕೇಳದಿದ್ದರೆ ಉತ್ತರವೇ ಹೊಳೆಯದು. ಗುಂಪಿನ ಘೋಷಣೆಗೆ ಇಂಥ ಎದುರು ಪಾತ್ರವಿಲ್ಲ, ಅಲ್ಲಿ ಯಾರೂ ಪಾತ್ರ ಬದಲಿಸಿಕೊಳ್ಳುವುದಿಲ್ಲ. ಎಳೆಯರನ್ನು ವೈರಿಯ ಸ್ಥಾನದಲ್ಲಿ ನಿಲ್ಲಿಸಿ ಅಲ್ಲಿಂದ ಮಾತಾಡಿಸುವ ಕಲೆ, ಅವರಿಗೆ ಬಳಗವನ್ನೂ ಕೊಡುತ್ತದೆ, ಆ ಬಳಗ ಕುರುಡಾಗದಂತೆಯೂ ಕಾಯುತ್ತದೆ.

ಸೇರಿಕೆಯ ಹೆಸರಿನಲ್ಲಿ ಪಂಜರ ಕಟ್ಟುವ ಬಗೆಯೂ ಒಂದುಂಟು. ಸಿದ್ದಿಯರ ಡಮಾಮಿ ಕುಣಿತ ಅವರ ಸ್ವಂತ ಸಂಪತ್ತು. ಉತ್ಸವಗಳ ಮೆರವಣಿಗೆಗೆ ಎಲೆ, ಗರಿ ಕಟ್ಟಿಸಿ ‘ಆಫ್ರಿಕದ ಕುಣಿತ’ ಎಂದು ಅವರನ್ನು ಕರೆಸುವಾಗ ನೋಡುವವರಿಗೆ ಬೇಕಿರುವುದು ಅವರ ದನಿಯಲ್ಲ, ಅವರು ಪರಕೀಯರಾಗಿಯೇ ಕಾಣಿಸುವುದು. ಕಪ್ಪು ಬಣ್ಣದ ನಟನಿಗೆ ಸಿನಿಮಾ ಮತ್ತೆ ಮತ್ತೆ ಒಂದೇ ಅಚ್ಚಿನ ಪಾತ್ರ ಕೊಡುವುದೂ ಇದೇ ಜಾತಿಯದು. ಡಮಾಮಿಯನ್ನೂ ಬಾರಿಸುವ, ಶೇಕ್ಸ್‌ಪಿಯರನ ರಾಜನನ್ನೂ ಆಡುವ, ಬೇಡವೆನಿಸಿದರೆ ಎರಡನ್ನೂ ಬಿಟ್ಟು ಬೆಳಕಿನ ವಿನ್ಯಾಸಕ್ಕೆ ಹೋಗುವ ಸ್ವಾತಂತ್ರ್ಯ ಸಿಕ್ಕಾಗಲೇ ಅವರು ಇಲ್ಲಿಯವರಾಗಿ ಎಣಿಕೆಗೆ ಬರುವುದು.

ಕರ್ನಾಟಕದ ಶಾಲೆಗಳಲ್ಲಿ ಈಗಿರುವ ದೊಡ್ಡ ಏರ್ಪಾಡು ಪ್ರತಿಭಾ ಕಾರಂಜಿ. ಭಾವಗೀತೆ, ಛದ್ಮವೇಷ, ಕಂಠಪಾಠ, ಆಶುಭಾಷಣ, ಕವ್ವಾಲಿ ಮುಂತಾದ ಸ್ಪರ್ಧೆಗಳು ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಏರುತ್ತವೆ. ಎಷ್ಟೋ ಹಳ್ಳಿ ಮಕ್ಕಳು ಮೊದಲ ಸಲ ಮೈಕಿನ ಮುಂದೆ ನಿಲ್ಲುವುದು ಅಲ್ಲಿಯೇ, ಅದಕ್ಕಾಗಿ ಆ ಯೋಜನೆಗೆ ಗೌರವ ಸಲ್ಲಬೇಕು. ಆದರೆ ಸ್ಪರ್ಧೆಯ ಕೆಲಸ ಆರಿಸುವುದು. ಆಗಲೇ ದನಿಯಿರುವವರು ಮೇಲಕ್ಕೆ ಹೋಗುತ್ತಾರೆ. ದನಿ ಇನ್ನೂ ಕೂಡಿಬರಬೇಕಾದವರು ಕ್ಲಸ್ಟರಿನಲ್ಲೇ ಉಳಿಯುತ್ತಾರೆ, ಮುಂದಿನ ವರ್ಷ ಹೆಸರು ಕೊಡುವುದಿಲ್ಲ. ಮೈಸೂರಿನ ರಂಗಾಯಣದ ಬೇಸಿಗೆಯ ಚಿನ್ನರ ಮೇಳದ ಕ್ರಮ ಬೇರೆ. ಮಕ್ಕಳು ತಂಡಗಳಾಗಿ ನಾಟಕ ಕಟ್ಟುತ್ತಾರೆ, ನಾಟಕಕ್ಕೆ ಮರವಾಗಿ ನಿಲ್ಲುವವನೂ ಬೇಕು, ಪರದೆ ಎಳೆಯುವವಳೂ ಬೇಕು. ಅದು ನಗರದ ಒಂದು ಅಂಗಳದ, ರಜೆಯ ದಿನಗಳ ಭಾಗ್ಯ.

ಹೆಗ್ಗೋಡು, ಸಾಣೇಹಳ್ಳಿ, ಮೈಸೂರಿನಲ್ಲಿ ರಂಗಶಿಕ್ಷಣ ಮುಗಿಸಿದ ಯುವಜನ ಪ್ರತಿ ವರ್ಷ ಹೊರಬರುತ್ತಾರೆ. ಒಂದೆರಡು ವರ್ಷ ರಂಗತಂಡಗಳ ತಿರುಗಾಟದಲ್ಲಿ ಊರೂರು ಸುತ್ತಿ, ತಾವೇ ರಂಗಸಜ್ಜಿಕೆ ಹೊತ್ತು, ಕಟ್ಟಿ, ಬಿಚ್ಚಿ ಪಳಗಿದವರು ಅವರಲ್ಲಿ ಬಹಳ ಮಂದಿ; ಆಮೇಲೆ ಕೆಲಸ ಹುಡುಕುತ್ತಾ ಧಾರಾವಾಹಿಗಳ ಬಾಗಿಲಿಗೆ ಹೋಗುತ್ತಾರೆ. ಇವರಲ್ಲಿ ಒಬ್ಬರನ್ನು ಒಂದು ಹೋಬಳಿಯ ನಾಲ್ಕೈದು ಸರ್ಕಾರಿ ಪ್ರೌಢಶಾಲೆಗಳಿಗೆ ಸೇರಿಸಿ, ವರ್ಷಪೂರ್ತಿ ಸಂಬಳ ಕೊಟ್ಟು, ಶನಿವಾರದ ಎರಡು ಪೀರಿಯಡ್ಡು ಮತ್ತು ಒಂದು ಖಾಲಿ ಕೋಣೆ ಬಿಟ್ಟುಕೊಟ್ಟರೆ, ಒಂಬತ್ತನೇ ತರಗತಿಯ ನಲವತ್ತು ಮಕ್ಕಳಿಗೂ ಪಾತ್ರವೋ ಹಿಮ್ಮೇಳವೋ ದೀಪವೋ ಯಾವುದಾದರೊಂದು ಹೊಣೆ ಹಂಚಬಹುದು. ಬಹುಮಾನದ ಕಪ್ಪುಗಳಿಗೆ ಖರ್ಚಾಗುವ ಹಣವನ್ನು ಮೊದಲು ಈ ಸಂಬಳಕ್ಕೆ ತೆಗೆದಿಡಲಿ.