ಅತಿಥಿವಿದ್ಯಾರ್ಥಿಯ ಋಣ

ಎಸ್ಟೋನಿಯಾ ದೇಶದ ಜನಸಂಖ್ಯೆಯು ಸುಮಾರು 13 ಲಕ್ಷ ಮಾತ್ರ. ಅಲ್ಲಿನ ಟಾರ್ಟು ನಗರದಲ್ಲಿ 1632ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಲ್ಯಾಟಿನ್, ಜರ್ಮನ್, ರಷ್ಯನ್ ಭಾಷೆಗಳನ್ನು ದಾಟಿ, 1919ರಲ್ಲಿಯೇ ಸ್ವಭಾಷೆಯ ವಿದ್ಯಾಪೀಠವಾಯಿತು. ಇಂದು ಪರದೇಶದ ವಿದ್ಯಾರ್ಥಿಯು ಅಲ್ಲಿ ಕೆಲವು ಶಾಸ್ತ್ರಗಳನ್ನು ಇಂಗ್ಲಿಷಿನಲ್ಲಿಯೇ ಓದಿ ಪದವಿಯನ್ನು ಪಡೆಯಬಹುದು. ಹಾಗಿರಲು, ಆ ನಾಡಿನ ನುಡಿಯನ್ನು ಕಲಿಯುವುದು ಅವನ ಧರ್ಮವೆ?

ಎರಡು ವರ್ಷದ ವಾಸಕ್ಕೆ 14 ವಿಭಕ್ತಿಗಳ ಶ್ರಮವೇಕೆಂದು ಅವನು ಕೇಳುವುದು ಸಹಜ. (ಸಂಸ್ಕೃತದ ಏಳಕ್ಕೇ ಪಾಠಶಾಲೆಯ ಬಾಲಕರು ಬೆವರುವರು!) ಶುಲ್ಕವನ್ನು ತೆತ್ತವನು ಪಾಠದ ಋಣವನ್ನು ತೀರಿಸಿದನು, ದಿಟ. ಆದರೆ ಅವನೊಬ್ಬನು ಬಂದು ಕುಳಿತೊಡನೆ ಹತ್ತು ಜನರು ತಮ್ಮ ಮಾತನ್ನು ಬಿಟ್ಟು ಇಂಗ್ಲಿಷಿಗೆ ಹೊರಳುವರಲ್ಲ, ಆ ಸೌಜನ್ಯದ ಬೆಲೆಯು ಯಾವ ಶುಲ್ಕದಲ್ಲಿ ಸೇರಿದೆ? ಕೋಟಿಗಟ್ಟಲೆ ಜನರಾಡುವ ಭಾಷೆಗೆ ಇದರಿಂದ ನಷ್ಟವಿಲ್ಲ. ಇಷ್ಟು ಅಲ್ಪಸಂಖ್ಯೆಯ ಜನರ ಭಾಷೆಗೆ ಉಂಟು. ‘ತೆರೆ’ ಎಂಬ ಅವರ ವಂದನೆಯ ಪದದಿಂದ ಆರಂಭಿಸಲು ಒಂದು ಸಂಜೆಯು ಸಾಕು.