ಅಟ್ಟದ ಮೇಲಿನ ಡಬ್ಬ



ಮೇ ತಿಂಗಳು ಬಂತೆಂದರೆ ನಮ್ಮ ನೆಟ್ಟಣದ ಕಡೆ ಮನೆಮನೆಯಲ್ಲೂ ಕೂಡಿಡುವ ಕೆಲಸ ಶುರುವಾಗುತ್ತದೆ. ಸೌದೆ ಕೊಟ್ಟಿಗೆ ಸೇರಬೇಕು. ಹಲಸಿನ ಹಪ್ಪಳ ಒಣಗಬೇಕು. ಮಾವಿನ ಮಿಡಿ ಭರಣಿಗೆ ಬೀಳಬೇಕು. ಒಣಮೀನು ಕಟ್ಟಿಡಬೇಕು. ಅಡಿಕೆ ತೋಟದ ಔಷಧಿಗೆ ಮೈಲುತುತ್ತು, ಸುಣ್ಣ ತಂದಿಡಬೇಕು. ಆಟಿಯ ಮಳೆ ಹಿಡಿದರೆ ಹೊರಗೆ ಕಾಲಿಡುವುದೇ ಕಷ್ಟ. ಹಾಗಾಗಿ ನಾಳೆಗೆಂದು ಕೂಡಿಡುವವನನ್ನು ನಮ್ಮ ಹಿರಿಯರು ಜಾಣನೆಂದರೇ ಹೊರತು ಪಾಪಿಯೆನ್ನಲಿಲ್ಲ. ಪವಿತ್ರ ಬೈಬಲ್ಲೂ ಹಾಗೆನ್ನುವುದಿಲ್ಲ. ಆದಿಕಾಂಡದ 41ನೇ ಅಧ್ಯಾಯದಲ್ಲಿ ಜೋಸೆಫನು ಏಳು ವರ್ಷಗಳ ಸಮೃದ್ಧಿಯ ಕಾಲದಲ್ಲಿ ಧಾನ್ಯ ಕೂಡಿಟ್ಟದ್ದರಿಂದಲೇ ಈಜಿಪ್ಟಿನ ಜನ ಬರಗಾಲದಲ್ಲಿ ಬದುಕಿದರು.

ಆದರೆ ಕೂಡಿಡುವುದರಲ್ಲಿ ಇನ್ನೊಂದು ಬಗೆಯುಂಟು. ಅದನ್ನು ನನಗೆ ಕಲಿಸಿದ್ದು ಒಂದು ಬಿಸ್ಕತ್ತಿನ ಡಬ್ಬ. ಮುಂದೆ ಹೇಳುವುದು ನಾನು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

2019ರ ಅಕ್ಟೋಬರ್ ತಿಂಗಳು. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಬಟ್ಟೆಯ ಚೀಲದೊಳಗೆ ಡಬ್ಬವೊಂದನ್ನು ಇಟ್ಟುಕೊಂಡು ನನ್ನ ಕೋಣೆಗೆ ಬಂದರು. ಅಡಿಕೆಯ ಗೋಣಿ ತೆಗೆಯಲೆಂದು ಅಟ್ಟ ಹತ್ತಿದಾಗ ಮೂಲೆಯಲ್ಲಿ ಸಿಕ್ಕಿತಂತೆ. “ಫಾದರ್, ಇದೇನು ನೋಡಿ. ಕಂಪ್ಯೂಟರಿನ ಸಾಮಾನೋ, ಸೆಂಟಿನ ಬಾಟ್ಲಿಯೋ ಗೊತ್ತಾಗುವುದಿಲ್ಲ. ಮಾವಿನಹಣ್ಣಿನ ಪರಿಮಳ ಬರುತ್ತದೆ” ಎಂದರು. ತೆರೆದು ನೋಡಿದೆ. ಇ-ಸಿಗರೇಟು ಎಂಬ ಬ್ಯಾಟರಿಯ ಕೊಳವೆಗಳು ಎರಡು. ಉಳಿದದ್ದೆಲ್ಲ ಅದಕ್ಕೆ ಹಾಕುವ ನಿಕೋಟಿನ್ ದ್ರವದ ಪುಟ್ಟ ಪುಟ್ಟ ಡಬ್ಬಿಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅವರ ಮಗ ದಸರಾ ರಜೆಗೆಂದು ರೈಲಿನಲ್ಲಿ ಬಂದು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದಾಗ ಬಟ್ಟೆಯ ಜೊತೆ ಇದನ್ನೂ ಇಳಿಸಿಕೊಂಡಿದ್ದ.

ಕಾರಣ ಸ್ಪಷ್ಟವಿತ್ತು. ನಮ್ಮ ರಾಜ್ಯ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಆದರೂ ಕೈಗೆ ಸಿಗುತ್ತಲೇ ಇತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ದೇಶದಾದ್ಯಂತ ಅದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವನ್ನೂ ನಿಷೇಧಿಸಿತು. ಡಿಸೆಂಬರಿನಲ್ಲಿ ಅದೇ ಕಾಯಿದೆಯಾಯಿತು. ದಾಸ್ತಾನು ಇಟ್ಟವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 50,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮೊದಲೇ ದಾಸ್ತಾನು ಇದ್ದವರು ತಡಮಾಡದೆ ಪಟ್ಟಿ ಮಾಡಿ ಹತ್ತಿರದ ಠಾಣೆಗೆ ಒಪ್ಪಿಸಬೇಕೆಂದೂ ಅದರಲ್ಲಿ ಬರೆದಿದೆ. ನಿಷೇಧದ ಸುದ್ದಿ ಹಬ್ಬುತ್ತಿದ್ದಂತೆ ಈ ಹುಡುಗ ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು ನೂರಿಪ್ಪತ್ತು ಡಬ್ಬಿ ಕೊಂಡುಬಿಟ್ಟ.

ಆ ಸಂಜೆಯೇ ಅವನನ್ನು ಕರೆದು ಮಾತನಾಡಿಸಿದೆ. ಅವನು ಸುಳ್ಳು ಹೇಳಲಿಲ್ಲ. “ಫಾದರ್, ನಾನು ಬಿಡಬೇಕೆಂದೇ ಇದ್ದೇನೆ. ಒಂದು ಡಬ್ಬಿ ಎರಡು ದಿನ ಬರುತ್ತದೆ. ಒಟ್ಟು ಎಂಟು ತಿಂಗಳು. ಇದು ಮುಗಿದ ದಿನ ಬಿಟ್ಟುಬಿಡುತ್ತೇನೆ” ಎಂದ. “ಕೊಂಡು ಎಷ್ಟು ದಿನವಾಯಿತು?” ಎಂದು ಕೇಳಿದೆ. ಮೂರು ವಾರ. ಇಬ್ಬರೂ ಕೂತು ಎಣಿಸಿದೆವು. ಅವನ ಲೆಕ್ಕದಂತೆ ಹತ್ತೋ ಹನ್ನೊಂದೋ ಖಾಲಿಯಾಗಬೇಕಿತ್ತು. ಖಾಲಿಯಾದದ್ದು ಹತ್ತೊಂಬತ್ತು. ಹುಡುಗ ತಲೆ ತಗ್ಗಿಸಿದ. ಡಬ್ಬ ತುಂಬಿದೆ ಎಂಬ ಧೈರ್ಯವೇ ಅವನ ಕೈಯನ್ನು ಮತ್ತೆ ಮತ್ತೆ ಡಬ್ಬದ ಕಡೆ ಎಳೆದಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ವಿಮೋಚನಕಾಂಡದ 16ನೇ ಅಧ್ಯಾಯ ನಿಮಗೆ ನೆನಪಿರಬೇಕು. ಮರುಭೂಮಿಯಲ್ಲಿ ದೇವರು ಇಸ್ರಯೇಲರಿಗೆ ಮನ್ನಾ ಕೊಟ್ಟರು. ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಿರಿ ಎಂಬುದು ಆಜ್ಞೆ. ನಾಳೆ ಸಿಗದೆ ಹೋದರೆ ಎಂದು ಹೆದರಿ ಕೆಲವರು ಉಳಿಸಿಟ್ಟರು. ಬೆಳಗಾಗುವಾಗ ಅದರಲ್ಲಿ ಹುಳುಬಿದ್ದು ನಾರುತ್ತಿತ್ತು. ಆದರೆ ಆರನೆಯ ದಿನ ಸಬ್ಬತ್ತಿಗೆಂದು ಎರಡು ಪಾಲು ಕೂಡಿಸಿಟ್ಟಾಗ ಅದು ಕೆಡಲಿಲ್ಲ. ಅದೇ ಮನ್ನಾ, ಅದೇ ಪಾತ್ರೆ. ವ್ಯತ್ಯಾಸವೆಲ್ಲಿ? ಒಂದು ದಿನ ಕೂಡಿಟ್ಟದ್ದು ದೇವರ ಮಾತನ್ನು ನಂಬಿ. ಇನ್ನೊಂದು ದಿನ ಕೂಡಿಟ್ಟದ್ದು ಆ ಮಾತಿನಿಂದ ತಪ್ಪಿಸಿಕೊಳ್ಳಲು. ಜೋಸೆಫನ ಕಣಜಕ್ಕೂ ಈ ಡಬ್ಬಕ್ಕೂ ಇರುವ ಅಂತರವೂ ಇಂಥದೇ. ಜೋಸೆಫ ಕೂಡಿಟ್ಟದ್ದು ಇತರರ ಹಸಿವಿಗಾಗಿ, ಎಲ್ಲರ ಕಣ್ಣೆದುರಿಗೆ. ಈ ಡಬ್ಬ ಒಬ್ಬನ ಚಟಕ್ಕಾಗಿ, ತಾಯಿಯ ಕಣ್ಣು ತಪ್ಪಿಸಿ. ಹೊರಗಿನಿಂದ ನೋಡಿದರೆ ಎರಡೂ ದಾಸ್ತಾನು. ಯಾರಿಗಾಗಿ ಎಂದು ಕೇಳಿದಾಗಲೇ ಅದರ ಬಣ್ಣ ತಿಳಿಯುವುದು.

“ಇದು ಮುಗಿದ ಮೇಲೆ ಬಿಡುತ್ತೇನೆ” ಎಂಬ ಮಾತು ಕೇಳಿದಾಗ ನನಗೆ ಸಂತ ಅಗಸ್ಟೀನರ ನೆನಪಾಯಿತು. ಶುದ್ಧ ಜೀವನವನ್ನು ಕೊಡು, ಆದರೆ ಈಗಲೇ ಬೇಡ ಎಂದು ಯೌವನದಲ್ಲಿ ತಾವು ದೇವರನ್ನು ಬೇಡಿಕೊಂಡದ್ದನ್ನು ಅವರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಆ ‘ಈಗಲೇ ಬೇಡ’ ಎಂಬ ಪ್ರಾರ್ಥನೆ ನಮ್ಮೆಲ್ಲರ ಬಾಯಲ್ಲೂ ಇದೆ. ಬೂದಿ ಬುಧವಾರದಿಂದ ಮಾಂಸ ಬಿಡಬೇಕೆಂದು ಮಂಗಳವಾರ ರಾತ್ರಿ ಎರಡು ಪಾಲು ಉಣ್ಣುವವರು ನಮ್ಮಲ್ಲಿ ಇಲ್ಲವೆ? ನಾನೂ ಉಂಡಿದ್ದೇನೆ. ನಿಷೇಧಕ್ಕೆ ಮುಂಚೆ ಡಬ್ಬ ತುಂಬಿಸಿದ ಹುಡುಗನೂ ಅದೇ ಸಾಲಿನವನು. ಬಿಡುವ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು. ಆ ಮನಸ್ಸಿಗೆ ಎಂಟು ತಿಂಗಳ ರಜೆ ಕೊಟ್ಟಿದ್ದ, ಅಷ್ಟೆ.

ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ, ಮಾಡಲು ಅನುಮತಿಯಿದ್ದರೂ ಯಾವುದಕ್ಕೂ ತಾನು ಅಡಿಯಾಳಾಗುವುದಿಲ್ಲ ಎನ್ನುತ್ತಾರೆ. ಚಟದ ವಸ್ತುವನ್ನು ಕೂಡಿಡುವ ದಿನ ಈ ಮಾತಿನ ಪರೀಕ್ಷೆ ನಡೆಯುತ್ತದೆ. ಅಂಗಡಿ ತೆರೆದಿರುವಾಗ ‘ನಾನು ಬೇಕೆಂದಾಗ ಬಿಡಬಲ್ಲೆ’ ಎಂದು ಹೇಳುವುದು ಸುಲಭ. ಅಂಗಡಿ ಮುಚ್ಚುತ್ತದೆಂಬ ಸುದ್ದಿ ಬಂದಾಗ ನಮ್ಮ ಕಾಲು ಯಾವ ಕಡೆ ಓಡಿತು? ಒಡೆಯ ಯಾರು, ಆಳು ಯಾರು ಎಂಬುದು ಆಗ ಗೊತ್ತಾಗುತ್ತದೆ.

ಇದರಲ್ಲಿ ಶರೀರದ ಪಾಲೂ ಇದೆ. ಉಸಿರಿನಲ್ಲಿ ಎಳೆದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಮಿದುಳು ಮತ್ತೆ ಕೇಳುತ್ತದೆ. ಇ-ಸಿಗರೇಟಿನಲ್ಲಿ ಹೊಗೆಸೊಪ್ಪು ಉರಿಯುವುದಿಲ್ಲ, ಟಾರು ಇಲ್ಲ ಎಂಬುದು ನಿಜ. ಬೀಡಿ ಸಿಗರೇಟು ಬಿಡಲು ಇಂಗ್ಲೆಂಡಿನಲ್ಲಿ ವೈದ್ಯರು ದೊಡ್ಡವರಿಗೆ ಇದನ್ನು ಸೂಚಿಸುವುದೂ ಉಂಟು. ಆದರೆ ಅದೇ ಬ್ರಿಟನ್ನಿನಲ್ಲಿ ಒಮ್ಮೆ ಬಳಸಿ ಎಸೆಯುವ ವೇಪುಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಲ್ಲಿಸಿದ್ದಾರೆ. ಮಕ್ಕಳ ಕೈಗೆ ಹೋಗುತ್ತಿದ್ದುದು ಅದಕ್ಕೆ ಒಂದು ಮುಖ್ಯ ಕಾರಣ. ನಮ್ಮ ಹುಡುಗ ಎಂದೂ ಸಿಗರೇಟು ಸೇದಿದವನಲ್ಲ. ಮಾವಿನಹಣ್ಣಿನ ರುಚಿಯಿಂದಲೇ ಅವನ ದಾಸ್ಯ ಆರಂಭವಾಗಿತ್ತು.

ಈಗ ತಂದೆಯ ವಿಷಯಕ್ಕೆ ಬರುತ್ತೇನೆ. ವಿಷಯ ತಿಳಿದ ತಂದೆ ಕೆಂಡವಾದರು. ಮಗನನ್ನು ಮನೆಯಿಂದ ಹೊರಗೆ ಹಾಕುವ ಮಾತೂ ಬಂತು. ಆಗ ಮಗ ಮೆಲ್ಲಗೆ, “ಅಪ್ಪ, ಗುಟ್ಕಾ ಬಂದ್ ಆದ ವರ್ಷ ಇದೇ ಅಟ್ಟದಲ್ಲಿ ನೀವು ಏನು ಇಟ್ಟಿದ್ದಿರಿ?” ಎಂದ. ಮನೆ ಸ್ತಬ್ಧವಾಯಿತು. 2013ರ ಮೇ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ತಂದೆ ಮಾಲೆಮಾಲೆ ಪೊಟ್ಟಣ ತಂದು ಅಡಿಕೆ ಗೋಣಿಯ ಹಿಂದೆ ಇಟ್ಟಿದ್ದರು. ಆಗ ಶಾಲೆಗೆ ಹೋಗುತ್ತಿದ್ದ ಮಗ ಅದನ್ನು ನೋಡಿದ್ದ. ಆ ಪೊಟ್ಟಣ ಮುಗಿದ ಮೇಲೆ ತಂದೆ ಬಿಟ್ಟರೇ? ಇಲ್ಲ. ಪಾನ್ ಮಸಾಲೆ ಬೇರೆ, ಹೊಗೆಸೊಪ್ಪು ಬೇರೆ ಪೊಟ್ಟಣದಲ್ಲಿ ಅಂಗಡಿಗೆ ಬಂತು. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರು.

ಅಡಿಕೆಯೇ ನಮ್ಮ ಅನ್ನ. ಇಲ್ಲಿಯ ಎಷ್ಟೋ ಮನೆಗಳ ಮಕ್ಕಳ ಫೀಸು, ಹೆಣ್ಣುಮಕ್ಕಳ ಮದುವೆ ಅದರಿಂದಲೇ ನಡೆದಿದೆ. ನಮ್ಮ ಜಿಲ್ಲೆಯ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಗುಟ್ಕಾ ನಿಷೇಧವಾದಾಗ ಅಡಿಕೆಯ ಧಾರಣೆ ಏನಾಗುವುದೋ ಎಂದು ನಾವೆಲ್ಲ ಹೆದರಿದ್ದು ಸುಳ್ಳಲ್ಲ. ಬೆವರು ಸುರಿಸಿ ದುಡಿದವರನ್ನು ನಾನು ದೂರುವುದಿಲ್ಲ. ಆದರೆ ಬೆಳೆದವನ ಕಷ್ಟದ ಹೆಸರು ಹೇಳಿ ನಮ್ಮ ಚಟವನ್ನು ಕಾಪಾಡಿಕೊಳ್ಳುವುದು ಬೇಡ. ಆದಾಯದ ಮಾತು ವ್ಯಾಟಿಕನ್ನಿಗೂ ಇತ್ತು. ಅಲ್ಲಿಯ ನೌಕರರಿಗೆ ಕಡಿಮೆ ದರದಲ್ಲಿ ಸಿಗರೇಟು ಮಾರುವುದರಿಂದ ಪ್ರತಿ ವರ್ಷ ದೊಡ್ಡ ಆದಾಯ ಬರುತ್ತಿತ್ತು. ಜನರ ಪ್ರಾಣಕ್ಕೆ ಕುತ್ತು ತರುವ ಲಾಭ ನಮಗೆ ಬೇಡವೆಂದು ಪೋಪ್ ಫ್ರಾನ್ಸಿಸರು 2018ರಿಂದ ಆ ಮಾರಾಟವನ್ನೇ ನಿಲ್ಲಿಸಿದರು.

ಹಾಗಾದರೆ ಕಾನೂನಿನಿಂದ ಪ್ರಯೋಜನವಿಲ್ಲವೇ? ಇದೆ. ಗುರುಮಠದಲ್ಲಿ ನಾವು ಓದಿದ ಸಂತ ತೋಮಸ್ ಅಕ್ವಿನಾಸರು, ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲಾರದು, ಮುಖ್ಯವಾಗಿ ಇತರರಿಗೆ ಕೇಡು ಮಾಡುವಂಥವನ್ನು ತಡೆದು ಜನರನ್ನು ಮೆಲ್ಲಮೆಲ್ಲನೆ ಸದ್ಗುಣದ ಕಡೆ ನಡೆಸುತ್ತದೆ ಎಂದು ವಿವರಿಸುತ್ತಾರೆ. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು. ಅದರಿಂದ ಹೊಸ ಮಕ್ಕಳು ಉಳಿಯುತ್ತಾರೆ. ಅದು ಸಣ್ಣ ಉಪಕಾರವಲ್ಲ. ಆದರೆ ಅಟ್ಟದ ಬಾಗಿಲು ಮುಚ್ಚುವ ಕೆಲಸ ಮನೆಯವರದು. ಲೂಕನ ಶುಭಸಂದೇಶದ 12ನೇ ಅಧ್ಯಾಯದ ಆ ಧನಿಕನನ್ನು ನೋಡಿ. ದೊಡ್ಡ ಕಣಜ ಕಟ್ಟುವ ಯೋಜನೆಯನ್ನು ಅವನು ತನ್ನೊಳಗೆ ತಾನೇ ಮಾತನಾಡಿಕೊಂಡು ಮಾಡಿದ. ಹೆಂಡತಿಯನ್ನು ಕೇಳಲಿಲ್ಲ, ನೆರೆಯವರನ್ನು ಕೇಳಲಿಲ್ಲ, ದೇವರನ್ನಂತೂ ಕೇಳಲೇ ಇಲ್ಲ. ಗುಟ್ಟಾಗಿ ಕೂಡಿಡುವವನು ಯಾವಾಗಲೂ ಒಂಟಿ.

ಆ ಮನೆಯಲ್ಲಿ ಮುಂದೇನಾಯಿತು? ಡಬ್ಬವನ್ನು ಹೊಳೆಗೆ ಎಸೆದುಬಿಡೋಣ ಎಂದರು ತಾಯಿ. ಬೇಡವೆಂದೆ. ನಿಕೋಟಿನ್ ವಿಷ, ಬ್ಯಾಟರಿಯೂ ನೀರಿಗೆ ಕೇಡು. ಕುಮಾರಧಾರೆಯ ಮೀನುಗಳು ಯಾವ ಪಾಪ ಮಾಡಿವೆ? ತಂದೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಾವೇ ಮಗನ ಜೊತೆ ಕೂತು ಎಣಿಸಿ, ಪಟ್ಟಿ ಬರೆದು, ಅವನ ಪಕ್ಕದಲ್ಲೇ ನಡೆದು ಠಾಣೆಗೆ ಹೋಗಿ ಒಪ್ಪಿಸಿ ಬಂದರು. ಹಿಂದಿರುಗುವಾಗ ತಮ್ಮ ಸೊಂಟದ ಹೊಗೆಸೊಪ್ಪಿನ ಪೊಟ್ಟಣವನ್ನೂ ತೆಗೆದು ಮಗನ ಕೈಗೆ ಕೊಟ್ಟರಂತೆ. ಮಗ ಎರಡು ಸಲ ಜಾರಿ, ಮೂರನೆಯ ಸಲ ಬಿಟ್ಟ. ತಂದೆ ಇನ್ನೂ ಪೂರ್ತಿ ಗೆದ್ದಿಲ್ಲ. ಆದರೆ ಅಡಗಿಸುವುದನ್ನು ಬಿಟ್ಟಿದ್ದಾರೆ. ಸೋತ ದಿನ ಸೋತೆ ಎಂದು ಮಗನಿಗೆ ಫೋನು ಮಾಡಿ ಹೇಳುತ್ತಾರೆ.

ಪ್ರಿಯ ತಂದೆತಾಯಂದಿರೇ, ಮಕ್ಕಳ ಚೀಲ ಶೋಧಿಸುವ ಮುಂಚೆ ನಿಮ್ಮ ಅಟ್ಟ ನೋಡಿಕೊಳ್ಳಿ. ಸಿಕ್ಕಿದ್ದನ್ನು ಹಿಡಿದು ಊರಿಗೆಲ್ಲ ಸಾರಬೇಡಿ. ಕೂತು ಎಣಿಸಿ, ಎಣಿಕೆ ಬೈಗುಳಕ್ಕಿಂತ ಚೆನ್ನಾಗಿ ಮಾತನಾಡುತ್ತದೆ. ಪ್ರಿಯ ಯುವಜನರೇ, ಬಿಡುವ ದಿನವನ್ನು ದಾಸ್ತಾನು ಮುಗಿಯುವ ದಿನಕ್ಕೆ ಕಟ್ಟಬೇಡಿ; ಆ ದಿನ ಬರುವ ಮುಂಚೆ ಇನ್ನೊಂದು ದಾಸ್ತಾನು ಬಂದಿರುತ್ತದೆ. ಒಬ್ಬರಿಂದಾಗದಿದ್ದರೆ ವೈದ್ಯರನ್ನು ಕಾಣಿ. ಹೊಗೆಸೊಪ್ಪು ಬಿಡುವವರಿಗೆಂದೇ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಅಲ್ಲಿ ಕೇಳುವುದರಲ್ಲಿ ನಾಚಿಕೆಯಿಲ್ಲ.

ನೆಟ್ಟಣದಿಂದ ಸಕಲೇಶಪುರಕ್ಕೆ ಘಾಟಿ ಏರುವ ರೈಲಿಗೆ ಹೆಚ್ಚಿನ ಎಂಜಿನ್ ಜೋಡಿಸುವುದನ್ನು ನೀವೆಲ್ಲ ನೋಡಿದ್ದೀರಿ. 50 ಅಡಿ ಸಾಗಿದರೆ 1 ಅಡಿ ಏರುವ ದಾರಿ; ನಡುವೆ 57 ಸುರಂಗ. ಬಯಲಿನಲ್ಲಿ ಒಂಟಿಯಾಗಿ ಓಡಿಬಂದ ಎಂಜಿನ್ನಿಗೆ ಅಲ್ಲಿ ಹಿಂದಿನಿಂದ ತಳ್ಳುವವರು ಬೇಕು. ಚಟ ಬಿಡುವ ದಾರಿಯೂ ಅಂಥ ಘಾಟಿ. ಮನೆಯವರ ತಾಳ್ಮೆ, ವೈದ್ಯರ ಮಾತು, ಪಾಪನಿವೇದನೆಯ ಕೃಪೆ, ಪ್ರಭುವಿನ ಪ್ರಸಾದ, ಇವೆಲ್ಲ ನಮ್ಮನ್ನು ಹಿಂದಿನಿಂದ ತಳ್ಳಲೆಂದೇ ಇವೆ.

ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ‘ಈಗಲೇ ಬೇಡ’ ಎಂದು ನಾನು ದೇವರಿಂದ ಅಡಗಿಸಿಟ್ಟ ಡಬ್ಬ ಯಾವುದು ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಿ. ಅದನ್ನು ಬೆಳಕಿಗೆ ತರುವ ಧೈರ್ಯವನ್ನು ಪ್ರಭು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.